ಗಾಜಿನ ಪೆಟ್ಟಿಗೆಯ ಕಂದನಿಗೆ ತಾಯಿ ಬೇಕು

ಸೋದರಿಯರೇ, 37 ವಾರ ತುಂಬುವ ಮೊದಲೇ ಹುಟ್ಟಿದ ಕಂದನನ್ನು ಬೆಂಗಳೂರಿನ ತೀವ್ರ ನಿಗಾ ಘಟಕದಲ್ಲಿ ಬಿಟ್ಟು, ಬಂಗಾರಪೇಟೆ ದಾಟಿ ಕೆ.ಜಿ.ಎಫ್.ಗೆ ಬರಿಗೈಲಿ ಮರಳುವ ಬಾಣಂತಿಯ ಸಂಕಟ ಹೇಳತೀರದು. ‘ಏನು ತಿಂದೆ, ಎಲ್ಲಿ ಓಡಾಡಿದೆ’ ಅಂತ ಅವಳನ್ನು ಕೆಣಕಬೇಡಿ.

ಅವಳಿಂದಲೇ ಆಗಬೇಕಾದ ಕೆಲಸವಿದೆ. ಮಗು ಚೀಪಲಾರದಿದ್ದರೂ ಅವಳು ಹಿಂಡಿಕೊಟ್ಟ ಎದೆಹಾಲನ್ನು ನಳಿಕೆಯಲ್ಲಿ ಕುಡಿಸುತ್ತಾರೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಹಿಂಡುತ್ತಿದ್ದರೆ ಹಾಲು ಬತ್ತದು. ವೈದ್ಯರು ಒಪ್ಪಿದರೆ ಮಗುವನ್ನು ಬರಿಯೆದೆಗೆ ಅವಚಿಕೊಳ್ಳಬೇಕು. ಆ ಬಿಸುಪೇ ಅದಕ್ಕೆ ಆಸರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಈ ‘ಕಾಂಗರೂ ಆರೈಕೆ’ಯನ್ನು ಅಪ್ಪನೂ ಮಾಡಬಹುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಹಸುಗೂಸಿಗೆ ಚಿಕಿತ್ಸೆ, ವಾಹನ ಉಚಿತವೆಂಬ ಯೋಜನೆ 2011ರಿಂದ ಇದೆ, ಕೇಳಿ ಪಡೆಯಿರಿ. ಮನೆಯ ಒಲೆ, ದೊಡ್ಡ ಮಕ್ಕಳನ್ನು ನಾವು ನೋಡಿಕೊಂಡರಾಯಿತು. ಅವಳು ಕಂದನ ಹತ್ತಿರವಿರಲಿ.