ಆಚೆಯ ದಡದ ಕೆರೆಯೂರು

ನಮ್ಮ ತಳಕಲ್ಲಿನವರಿಗೆ ನೀರೆಂದರೆ ಕೆರೆ ಬಾವಿಗಳ ನೀರು. ನದಿಯ ದರ್ಶನವಾಗಬೇಕಾದರೆ ಊರು ಬಿಟ್ಟು ಹೋಗಬೇಕು. ಎರೆಯ ಹೊಲ, ರೈಲುನಿಲ್ದಾಣ, ಈಚೆಗೆ ವಾಡಿಯ ಕಡೆಗೆ ಕವಲೊಡೆದಿರುವ ಹೊಸ ರೈಲುಹಾದಿ, ಇಷ್ಟೇ ನಮ್ಮ ಊರಿನ ವೈಭವ. ಆದುದರಿಂದ 2025ರ ಜನವರಿಯಲ್ಲಿ ಎಂಬತ್ತಾರು ವಯಸ್ಸಿನ ನಮ್ಮ ಮಾತೃಶ್ರೀಯವರು, “ಒಮ್ಮೆ ಹರಿಗೋಲಿನ್ಯಾಗ ಕೂತು ಹೊಳಿ ದಾಟಬೇಕು, ಕಮಲಾಪುರದ ಕೆರಿ ನೋಡಬೇಕು” ಎಂದು ಹೇಳಿದಾಗ ನಾವು ಬೆರಗಾದೆವು. ಅವರು ಯಾವ ಯಾತ್ರೆಯನ್ನೂ ಬೇಡಿದವರಲ್ಲ. ಕಾರಣವನ್ನು ಕೇಳಿದರೆ, “ಅಲ್ಲಿಗೆ ಹೋದ ಮ್ಯಾಲೆ ಹೇಳತೀನಿ” ಎಂದಷ್ಟೇ ಉತ್ತರ.

ಒಂದು ಬಾಡಿಗೆಯ ಕಾರನ್ನು ಗೊತ್ತುಮಾಡಿ, ಜೋಳದ ರೊಟ್ಟಿ, ಶೇಂಗಾಚಟ್ನಿ, ಮೊಸರನ್ನಗಳ ಬುತ್ತಿ ಕಟ್ಟಿಕೊಂಡು, ನಮ್ಮ ಮನೆಯವರೂ ಮಾತೃಶ್ರೀಯವರೂ ನಾವೂ ನಸುಕಿನಲ್ಲಿಯೇ ಹೊರಟೆವು. ಕೊಪ್ಪಳ ಗಂಗಾವತಿಗಳನ್ನು ದಾಟಿದ ಮೇಲೆ ಭೂಮಿಯ ವೇಷವೇ ಬೇರೆಯಾಗುತ್ತದೆ. ಇತ್ತ ಹಸುರು ಭತ್ತದ ಗದ್ದೆ, ಅತ್ತ ಬಂಡೆಯ ಮೇಲೆ ಬಂಡೆಯೊಟ್ಟಿದ ಬೆಟ್ಟ. ಪಂಪಾಸರೋವರದಲ್ಲಿ ಇಳಿದು ಕೈಕಾಲು ತೊಳೆದೆವು. ‘ಪಂಪಾ’ ಎಂಬುದು ತುಂಗಭದ್ರೆಯ ಹಳೆಯ ಹೆಸರು. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿ, ‘ಪಾಲು’ ಹಾಲಾದಂತೆ ‘ಪಂಪೆ’ಯು ಹಂಪೆಯಾಯಿತು. ನದಿಯೇ ಊರಿಗೆ ಹೆಸರು ಕೊಟ್ಟಿತೆಂದು ತಾತ್ಪರ್ಯ.

ಆನೆಗೊಂದಿಯ ಘಟ್ಟದಲ್ಲಿ ಕಾರಿನ ಚಾಲಕನು, “ಕಡೆಬಾಗಿಲ ಹತ್ರ ಸೇತುವೆ ಐತಿ, ಸರ್. ಕಾರಿನ್ಯಾಗ ಬುಕ್ಕಸಾಗರಕ್ಕ ದಾಟಿ ಹೋಗೋದು ಬಿಟ್ಟು, ಈ ವಯಸ್ಸಿನ್ಯಾಗ ಯವ್ವನ್ನ ಬುಟ್ಟ್ಯಾಗ ಕೂಡ್ರಸ್ತೀರೇನು?” ಎಂದು ಆಕ್ಷೇಪಿಸಿದನು. ಅವನ ಮಾತು ನ್ಯಾಯವೇ. ಈ ನದಿಗೆ ಸೇತುವೆ ಸುಲಭವಾಗಿ ಒದಗಿದುದಲ್ಲ. ವಿಜಯನಗರದ ಕಾಲದ ಸೇತುವೆಯ ಕಲ್ಲುಕಂಬಗಳು ಇಂದಿಗೂ ಪ್ರವಾಹದ ನಡುವೆ ನಿಂತಿವೆ. ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಹೊಸ ಸೇತುವೆಯ ದೆಸೆಯಿಂದ ಹಂಪೆಯು 1999ರಲ್ಲಿ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಹೊರಬಂದಿತು. ಆ ಸೇತುವೆಯು ಮುಗಿಯುವ ಮೊದಲೇ 2009ರಲ್ಲಿ ಕುಸಿದು ಕೂಲಿಕಾರರ ಪ್ರಾಣಗಳನ್ನು ತೆಗೆದುಕೊಂಡಿತು. ಈಗಿರುವುದು ಅದರ ಮೇಲೆ ಬಂದ ಸೇತುವೆ. ಆದರೂ ಮಾತೃಶ್ರೀಯವರು ಒಪ್ಪಲಿಲ್ಲ. ಕಾರು ಸುತ್ತುಹಾಕಿ ಆಚೆಯ ದಡಕ್ಕೆ ಬರುವುದೆಂದು ಗೊತ್ತಾಯಿತು.

ಹರಿಗೋಲೆಂದರೆ ಬಿದಿರಿನಲ್ಲಿ ಹೆಣೆದ ದೊಡ್ಡ ದುಂಡು ಬುಟ್ಟಿ. ಹಿಂದೆ ಅದಕ್ಕೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ ಹಚ್ಚಿ ಡಾಂಬರು ಬಳಿಯುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇಲ್ಲಿಯ ಹರಿಗೋಲುಗಳನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನು ಹೊರುವವೆಂದೂ ಸದಾ ಗರಗರನೆ ತಿರುಗುವವೆಂದೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ತಿರುಗುವ ಗುಣ ಮಾತ್ರ ಬದಲಾಗಿಲ್ಲ.

“ನಿದಾನಕ ಕೂಡ್ರಿ ಯವ್ವಾ, ಅಲ್ಲಾಡಬ್ಯಾಡ್ರಿ” ಎಂದನು ಅಂಬಿಗ.

“ಇದರಾಗ ನಾ ಮೊದಲ ಕೂತೀನಪ್ಪಾ.”

“ಯಾವಾಗ ಯವ್ವಾ?”

“ನಿಮ್ಮಪ್ಪ ಹುಟ್ಟೂಕಿಂತ ಮೊದಲ.”

ಅಂಬಿಗನು ನಕ್ಕು ಹುಟ್ಟು ಹಾಕಿದನು. ಮಾತೃಶ್ರೀಯವರು ನಗಲಿಲ್ಲ. ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದು, ಬಿಟ್ಟುಬಂದ ದಡವನ್ನೇ ನೋಡುತ್ತ ಕುಳಿತಿದ್ದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ನೆನೆಯಬೇಕು. ಇಂದು ಈ ಹೊಳೆಯು ಕೊಪ್ಪಳ, ವಿಜಯನಗರ ಜಿಲ್ಲೆಗಳ ನಡುವಣ ಎಲ್ಲೆ ಮಾತ್ರ. ಆದರೆ ಅಂದು ಉತ್ತರದ ದಡವು ನಿಜಾಮರ ಹೈದರಾಬಾದು ಸಂಸ್ಥಾನ, ದಕ್ಷಿಣದ ದಡವು ಮದ್ರಾಸು ಪ್ರಾಂತ. ಇತ್ತ ಹಾಲಿ ಸಿಕ್ಕಾ ನಾಣ್ಯ, ಅತ್ತ ಬ್ರಿಟಿಷ್ ಸರಕಾರದ ರೂಪಾಯಿ. ನಡುವೆ ಕರೋಡಗಿರಿಯ ಸುಂಕ. 1947ರ ಆಗಸ್ಟ್ 15ರಂದು ಆಚೆಯ ದಡಕ್ಕೆ ಸ್ವಾತಂತ್ರ್ಯ ಬಂದಿತು. ಈಚೆಯ ದಡಕ್ಕೆ ಬರಲಿಲ್ಲ. 1948ರ ಸೆಪ್ಟೆಂಬರ್ 17ರ ವರೆಗೆ, ಹದಿಮೂರು ತಿಂಗಳು, ಈ ಹೊಳೆಯು ನಿಜವಾಗಿಯೂ ಎರಡು ದೇಶಗಳ ಗಡಿಯಾಗಿತ್ತು. ರಜಾಕಾರರ ಭಯದಿಂದ ಸಾವಿರಾರು ಸಂಸಾರಗಳು ಗಡಿ ದಾಟಿದವು. ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಇವನ್ನೆಲ್ಲ ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇವೆ. ತಾರೀಖು ತಪ್ಪಿದವರಿಗೆ ಅಂಕ ಕಳೆದಿದ್ದೇವೆ.

ತಳವಾರಘಟ್ಟದಲ್ಲಿ ಇಳಿದು, ಕಾದಿದ್ದ ಕಾರನ್ನೇರಿ ಕಮಲಾಪುರಕ್ಕೆ ಬಂದೆವು. ರಾಯಕಾಲುವೆಯ ನೀರುಂಡು ಬಾಳಿದ ವಿಜಯನಗರ ಕಾಲದ ಆ ಕೆರೆಯು ಮಧ್ಯಾಹ್ನದ ಬಿಸಿಲಿನಲ್ಲಿ ಕನ್ನಡಿಯಂತೆ ಹರಡಿಕೊಂಡಿತ್ತು. ಏರಿಯ ಮಗ್ಗುಲ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಮಾತೃಶ್ರೀಯವರು ಒಂದು ತುತ್ತನ್ನೂ ಮುಟ್ಟದೆ ಮಾತು ತೆಗೆದರು.

ಅವರ ತವರು ಗಂಗಾವತಿಯ ಸಮೀಪದ ಒಂದು ಹಳ್ಳಿ. 1948ರ ಬೇಸಗೆಯ ಕೊನೆಯಲ್ಲಿ, ಹೊಳೆಗೆ ಮಹಾಪೂರ ಬರುವ ಮುನ್ನ, ಒಂದು ರಾತ್ರಿ ಐವರು ಹರಿಗೋಲು ಹತ್ತಿದರು: ಅವರ ತಂದೆ, ತಾಯಿ, ಅಜ್ಜಿ, ಹತ್ತು ವರ್ಷದ ಇವರು, ಏಳು ತಿಂಗಳ ತಮ್ಮ. ಕೂಸು ಅತ್ತರೆ ಕಾವಲಿನವರಿಗೆ ಕೇಳಿಸುವುದೆಂದು ತಾಯಿಯು ಬೆರಳಿಗೆ ಬೆಲ್ಲ ಹಚ್ಚಿ ಅದರ ಬಾಯಲ್ಲಿಟ್ಟಿದ್ದಳಂತೆ. ಕೂಸು ಅಳಲಿಲ್ಲ. ಕಮಲಾಪುರದಲ್ಲಿ ಪರಿಚಿತರ ಮನೆಯ ಪಡಸಾಲೆಯಲ್ಲಿ ನಾಲ್ಕು ತಿಂಗಳ ವಾಸ. ಶ್ರಾವಣದಲ್ಲಿ ಕೂಸಿಗೆ ಜ್ವರ ಬಂದಿತು. ಮೂರನೆಯ ದಿನ ಹೋಯಿತು. ಈ ಏರಿಯ ಬದಿಯ ಒಂದು ಹುಣಸೆಯ ಬುಡದಲ್ಲಿ ಮಣ್ಣು ಮಾಡಿದರು. ನವರಾತ್ರಿಯಾದ ಮೇಲೆ ಊರಿಗೆ ಮರಳುವಾಗ ಹರಿಗೋಲಿನಲ್ಲಿ ನಾಲ್ವರೇ. ಆ ಮಾತನ್ನು ಇನ್ನು ಎತ್ತಬೇಡವೆಂದು ತಾಯಿ ಕೈಮುಗಿದು ಕೇಳಿಕೊಂಡಿದ್ದರಿಂದ ಮಗಳು ಎಪ್ಪತ್ತಾರು ವರ್ಷ ಎತ್ತಲಿಲ್ಲ.

ನಮಗೊಬ್ಬ ಸೋದರಮಾವನಿದ್ದನೆಂಬುದು ಅರುವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಪಾಠ ಹೇಳಿದ ತಾರೀಖಿನ ಒಳಗೇ ನಮ್ಮ ಮನೆಯ ಸಂಗತಿ ಅಡಗಿತ್ತು; ನಾವು ಕೇಳಿರಲಿಲ್ಲ.

ಏರಿಯುದ್ದಕ್ಕೂ ನಡೆದು ಹುಡುಕಿದೆವು. ಆ ಹುಣಸೆ ಸಿಕ್ಕಲಿಲ್ಲ. ಮಾತೃಶ್ರೀಯವರು ಹೆಚ್ಚು ಹೊತ್ತು ಅರಸಲೂ ಇಲ್ಲ. ಸೆರಗಿನ ಗಂಟನ್ನು ಬಿಚ್ಚಿ ಒಂದು ಅಚ್ಚು ಬೆಲ್ಲವನ್ನು ತೆಗೆದು, ನೀರಿನ ಅಂಚಿನ ಕಲ್ಲಿನ ಮೇಲಿಟ್ಟರು. “ಅವತ್ತು ಅಂವಾ ಅತ್ತಿದ್ದರ ನಾವ್ಯಾರೂ ಉಳೀತಿರಲಿಲ್ಲಪ್ಪಾ” ಎಂದರು. ನಮ್ಮ ಮನೆಯವರು ಅವರ ಕೈ ಹಿಡಿದುಕೊಂಡರು. ಆಮೇಲೆ ಎಲ್ಲರೂ ಕುಳಿತು ಊಟ ಮಾಡಿದೆವು. ಮಾತೃಶ್ರೀಯವರು ರೊಟ್ಟಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಹಿಂದಿರುಗುವಾಗ ಅಂಬಿಗನು ಕಾದಿರುವನೆಂದು ನಾವು ನೆನಪುಮಾಡಿದೆವು. ಅವರು, “ಬ್ಯಾಡಪ್ಪಾ. ಅವನಿಗೆ ಸಲ್ಲೋದು ಸಲ್ಲಿಸಿ ಬಾ. ಇನ್ನ ಸೇತುವೆ ಮ್ಯಾಲೆ ಹೋಗೂಣು” ಎಂದರು. ಹಾಗೆಯೇ ಮಾಡಿದೆವು. ಒಂದು ರಾತ್ರಿಯೆಲ್ಲ ಜೀವ ಹಿಡಿದು ದಾಟಿದ ಗಡಿಯನ್ನು ಕಾರು ಒಂದೆರಡು ನಿಮಿಷಗಳಲ್ಲಿ ದಾಟಿತು. ಯಾರೂ ತಡೆಯಲಿಲ್ಲ, ಯಾವ ನಾಕೆಯೂ ಇರಲಿಲ್ಲ. ಮಾತೃಶ್ರೀಯವರು ಅಷ್ಟರಲ್ಲಿ ನಿದ್ದೆಹೋಗಿದ್ದರು.

ಊರಿಗೆ ಬಂದು ಕೂಸಿನ ಹೆಸರನ್ನು ಅವರಿಂದ ಕೇಳಿ ತಿಳಿದು, ತವರಿನ ವಂಶಾವಳಿಯಲ್ಲಿ ಬರೆದೆವು. ವಾಚಕರ ಮನೆಗಳಲ್ಲಿಯೂ ವೃದ್ಧರಿರಬಹುದು. ಅವರು ಎಲ್ಲಿಗಾದರೂ ಹೋಗಬೇಕೆಂದರೆ ಕಾರಣ ಕೇಳುತ್ತ ಕೂಡದೆ ಬುತ್ತಿ ಕಟ್ಟಿರಿ. ಕಾರಣವು ದಾರಿಯಲ್ಲಿ ತಾನಾಗಿ ತಿಳಿಯುತ್ತದೆ.