ಪ್ಯಾಟ್ ಟಿಲ್ಮನ್: ತ್ಯಾಗಕ್ಕೆ ಬಣ್ಣ ಬೇಕಿರಲಿಲ್ಲ

ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಯಾಟ್ ಟಿಲ್ಮನ್ 2002ರಲ್ಲಿ ಅರಿಜೋನಾ ಕಾರ್ಡಿನಲ್ಸ್ ತಂಡ ಮುಂದಿಟ್ಟ 36 ಲಕ್ಷ ಡಾಲರ್‌ಗಳ ಒಪ್ಪಂದ ಬಿಟ್ಟು ಸೇನೆಗೆ ಸೇರಿದರು. ಅವರ ಬಗ್ಗೆ ಹಬ್ಬಿದ ಕೆಲವು ಮಾತುಗಳನ್ನು ತಿದ್ದಲೇಬೇಕು.

ತಪ್ಪು ಕಲ್ಪನೆ: ಆಟದಲ್ಲಿ ಭವಿಷ್ಯ ಕಾಣದೆ ಸೇನೆಗೆ ಹೋದರು.
ವಾಸ್ತವ: ಅದಕ್ಕೂ ಮುನ್ನ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡ 90 ಲಕ್ಷ ಡಾಲರ್ ಕೊಡುತ್ತೇನೆಂದಾಗಲೂ, ತಮ್ಮನ್ನು ಮೊದಲು ಆರಿಸಿಕೊಂಡ ತಂಡವನ್ನು ಬಿಡಲು ಅವರು ಒಪ್ಪಿರಲಿಲ್ಲ.

ತಪ್ಪು ಕಲ್ಪನೆ: 2001ರ ಸೆಪ್ಟೆಂಬರ್ 11ರ ದಾಳಿ ಕಂಡು ಆವೇಶದಲ್ಲಿ ಹೊರಟರು, ಹೆಸರಿನ ಆಸೆಯೂ ಇತ್ತು.
ವಾಸ್ತವ: ಆ ವರ್ಷದ ಪಂದ್ಯಗಳನ್ನು ಆಡಿ ಮುಗಿಸಿ, ಮದುವೆಯಾಗಿ, ಹಲವು ತಿಂಗಳು ಯೋಚಿಸಿ ಸೇರಿದರು. ಪದವೀಧರರಾಗಿದ್ದರೂ ಸೇರಿದ್ದು ಸಾಮಾನ್ಯ ಸಿಪಾಯಿಯಾಗಿ. ಸೇರಿದ ಮೇಲೆ ಒಂದು ಸಂದರ್ಶನವನ್ನೂ ಕೊಡಲಿಲ್ಲ. ಅವರ ತಮ್ಮ ಕೆವಿನ್ ಕೂಡ ಬೇಸ್‌ಬಾಲ್ ಬಿಟ್ಟು ಜೊತೆಗೆ ಬಂದರು. ಕೆವಿನ್ ಅವರನ್ನು ನೆನೆಯುವವರು ಕಡಿಮೆ, ಅದು ನ್ಯಾಯವಲ್ಲ.

ತಪ್ಪು ಕಲ್ಪನೆ: ಸರ್ಕಾರ ಮಾಡಿದ ಯುದ್ಧವೆಲ್ಲ ಅವರಿಗೆ ಒಪ್ಪಿಗೆಯಾಗಿತ್ತು.
ವಾಸ್ತವ: ಇರಾಕ್ ಯುದ್ಧ ಅವರಿಗೆ ಸರಿಕಂಡಿರಲಿಲ್ಲ. ಆದರೂ 2003ರಲ್ಲಿ ಅಲ್ಲಿ ಸೇವೆ ಸಲ್ಲಿಸಿದರು. ಕೊಟ್ಟ ಮಾತು ಮೂರು ವರ್ಷದ್ದು. ನಡುವೆ ಆಟಕ್ಕೆ ಮರಳುವ ಅವಕಾಶ ಬಂದರೂ ಕದಲಲಿಲ್ಲ. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದೇ ಇದನ್ನು ತಿಳಿದ ಮೇಲೆ.

ತಪ್ಪು ಕಲ್ಪನೆ: ಶತ್ರುವಿನ ಗುಂಡಿಗೆ ಬಲಿಯಾದರು.
ವಾಸ್ತವ: 2004ರ ಏಪ್ರಿಲ್ 22ರಂದು, ಆಫ್ಘಾನಿಸ್ತಾನದ ಖೋಸ್ತ್ ಪ್ರಾಂತ್ಯದ ಕಣಿವೆಯಲ್ಲಿ ಅವರ ತುಕಡಿ ಎರಡು ಭಾಗವಾಗಿ ಸಾಗುತ್ತಿತ್ತು. ಹಿಂದಿನ ಭಾಗದ ಮೇಲೆ ದಾಳಿಯಾದಾಗ ನೆರವಿಗೆಂದು ಟಿಲ್ಮನ್ ಗುಡ್ಡದ ಮೇಲೆ ನಿಂತರು. ಕಣಿವೆಯಿಂದ ಹೊರಬಂದ ಸಂಗಡಿಗರೇ ಗುರುತು ಸಿಗದೆ ಗುಂಡು ಹಾರಿಸಿದರು. ಟಿಲ್ಮನ್ ಮಡಿದಾಗ ಅವರಿಗೆ 27 ವರ್ಷ. ಪಕ್ಕದಲ್ಲಿದ್ದ ಆಫ್ಘನ್ ಯೋಧನೂ ಸತ್ತ.

ಸಾವಿನ ಕಾರಣ ಸೇನೆಯೊಳಗೆ ಬೇಗನೆ ತಿಳಿಯಿತು. ಆದರೂ ಅವರ ಸಮವಸ್ತ್ರ ಸುಟ್ಟರು. ಶತ್ರುವಿನೊಡನೆ ಹೋರಾಡುತ್ತ ಮಡಿದರೆಂಬಂತೆ ಬರೆದು ಸಿಲ್ವರ್ ಸ್ಟಾರ್ ಪದಕ ಕೊಟ್ಟರು. ಅದೇ ತುಕಡಿಯಲ್ಲಿದ್ದ ಕೆವಿನ್‌ಗೂ ನಿಜ ಹೇಳಲಿಲ್ಲ. ದೇಶವೆಲ್ಲ ನೋಡಿದ ಶ್ರದ್ಧಾಂಜಲಿ ಸಭೆ ಮುಗಿದು ವಾರಗಳಾದ ಮೇಲೆ ಮನೆಯವರಿಗೆ ಸತ್ಯ ತಿಳಿಯಿತು. ತಾಯಿ ಮೇರಿ ಪಟ್ಟುಬಿಡದೆ ಕೇಳಿದ್ದರಿಂದಲೇ ತನಿಖೆಯ ಮೇಲೆ ತನಿಖೆ ನಡೆದು, 2007ರಲ್ಲಿ ಅದು ಅಮೆರಿಕದ ಸಂಸತ್ತಿನ ಮುಂದೆ ಬಂತು.

ಕೋಟಿ ಬಿಟ್ಟು ಬಂದವನ ಸಾವಿಗೆ ಬಣ್ಣ ಹಚ್ಚಿದ್ದು ಘೋರ ಅನ್ಯಾಯ. ನಿಮ್ಮ ಮಕ್ಕಳಿಗೆ ಟಿಲ್ಮನ್ ಕಥೆ ಹೇಳುವುದಾದರೆ, ದಯವಿಟ್ಟು ಪೂರ್ತಿ ಹೇಳಿ.