ಲಾಟರಿ ಚೀಟಿ ಮತ್ತು ಮರಣ ಪ್ರಮಾಣಪತ್ರ

ಬಡವನೊಬ್ಬನಿಗೆ ಲಾಟರಿ ಹೊಡೆಯುತ್ತದೆ. ಗೆಳೆಯರು, ನೆಂಟರು, ಸಾಲ ಕೊಟ್ಟವರು ಸುತ್ತುವರಿಯುತ್ತಾರೆ. ಒಬ್ಬರನ್ನೊಬ್ಬರು ವಂಚಿಸುತ್ತ ಕೊನೆಗೆ ಎಲ್ಲರೂ ಬರಿಗೈಯಾಗುತ್ತಾರೆ. ಕರಾಳ ಹಾಸ್ಯದ ಚಿತ್ರಕಥೆ ಬರೆಯುವವರಿಗೆ ಇದು ಬಹುಕಾಲದಿಂದ ಒದಗಿಬಂದ ಅಚ್ಚು. ಇಂಥ ಚಿತ್ರಕಥೆಯನ್ನು ಅಳೆಯಲು ನಾನು ಸಿನಿಮಾ ಪಂಡಿತನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದವನು. ಆದ್ದರಿಂದ ನಾನು ಕೇಳುವ ಪ್ರಶ್ನೆಗಳು ಎರಡೇ: ಹಣ ಎಲ್ಲಿಂದ ಬಂತು? ಯಾವ ಕಾಗದದ ಮೇಲೆ ಬಂತು?

ಈ ಬಗೆಯ ಚಿತ್ರಗಳಲ್ಲಿ ಹೆಸರಾದದ್ದು 1998ರ ‘ವೇಕಿಂಗ್ ನೆಡ್’. ಐರ್ಲೆಂಡಿನ ಪುಟ್ಟ ಹಳ್ಳಿಯ ನೆಡ್ ಡಿವೈನ್‌ಗೆ ದೊಡ್ಡ ಬಹುಮಾನ ಬಂದು, ಆ ಆಘಾತದಲ್ಲೇ ಆತ ಚೀಟಿ ಹಿಡಿದು ಸಾಯುತ್ತಾನೆ. ಹಣ ಕೈತಪ್ಪದಿರಲೆಂದು ಊರಿಗೆ ಊರೇ ಸೇರಿ ಸತ್ತವನನ್ನು ಬದುಕಿಸುತ್ತದೆ. ಬೇರೊಬ್ಬ ಮುದುಕ ನೆಡ್ ಆಗಿ ಅಧಿಕಾರಿಯ ಮುಂದೆ ನಿಲ್ಲುತ್ತಾನೆ. 2006ರಲ್ಲಿ ಪ್ರಿಯದರ್ಶನ್ ನಿರ್ದೇಶಿಸಿದ ಹಿಂದಿಯ ‘ಮಾಲಾಮಾಲ್ ವೀಕ್ಲಿ’ ಇದೇ ಎಳೆಯನ್ನು ನಮ್ಮ ಹಳ್ಳಿಗೆ ತಂದಿತು.

ಕನ್ನಡದ ಉತ್ತರ ಇದಕ್ಕೆ ನೇರ ವಿರುದ್ಧವಾದದ್ದು. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡರೊಂದಿಗೆ ಅವರು ಬರೆದ ‘ತಿಥಿ’ಯಲ್ಲಿ ಬದುಕಿರುವವನನ್ನೇ ಸಾಯಿಸಲಾಗುತ್ತದೆ, ಕಾಗದದ ಮೇಲೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಅವನ ಐದು ಎಕರೆ ಜಮೀನನ್ನು ಮಾರಿ ಹಣ ಕಾಣಬೇಕೆಂಬುದು ಮೊಮ್ಮಗ ತಮ್ಮಣ್ಣನ ಹವಣಿಕೆ. ನಡುವೆ ಅಡ್ಡಿಯಾಗಿರುವವನು ತಂದೆ ಗಡ್ಡಪ್ಪ. ಆಸ್ತಿಯಲ್ಲಿ ಆಸಕ್ತಿಯೇ ಇಲ್ಲದ ಆತನಿಗೆ ಮಗ ಹಣ ಕೊಟ್ಟು ದೇಶ ಸುತ್ತಲು ಕಳುಹಿಸುತ್ತಾನೆ. ಇತ್ತ ಸುಳ್ಳು ಮರಣ ಪ್ರಮಾಣಪತ್ರ ಸಿದ್ಧವಾಗುತ್ತದೆ. ಗಡ್ಡಪ್ಪ ದೂರ ಹೋಗದೆ ಕುರಿಗಾಹಿಗಳ ಜೊತೆ ಉಳಿದುಬಿಡುತ್ತಾನೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರ ಮರುವರ್ಷ ರಾಜ್ಯದಲ್ಲಿ ತೆರೆಕಂಡಿತು.

‘ತಿಥಿ’ಯ ಹೆಚ್ಚುಗಾರಿಕೆ ಇರುವುದು ಯಾರನ್ನೂ ಖಳನನ್ನಾಗಿ ಮಾಡದಿರುವುದರಲ್ಲಿ. ತಮ್ಮಣ್ಣ ಕೊಲೆಗಾರನಲ್ಲ, ಸಂಸಾರ ಸಾಗಿಸಲು ಹೆಣಗುವ ಸಾಮಾನ್ಯ ಮನುಷ್ಯ. ಆತನ ದ್ರೋಹ ಹಣದ ರಾಶಿ ಕಂಡು ಹುಟ್ಟಿದ್ದಲ್ಲ. ಖಾತೆ ಬದಲಾವಣೆಯ ದಾರಿಯಲ್ಲಿ ಹೆಜ್ಜೆಹೆಜ್ಜೆಯಾಗಿ ಹುಟ್ಟಿದ್ದು. ಲಾಟರಿ ಕಥೆ ಬರೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಹಣ ಬಂದರೆ ಮನುಷ್ಯ ಕೆಡುತ್ತಾನೆ ಎಂಬ ನೀತಿಯನ್ನು ಅವರು ಮೊದಲೇ ನಂಬಿರುತ್ತಾರೆ. ಕೆಡಲು ಬೇರೆ ಕಾರಣ ಕೊಡುವ ಅಗತ್ಯ ಅವರಿಗೆ ಕಾಣುವುದಿಲ್ಲ.

ಅಧ್ಯಯನಗಳು ಆ ನೀತಿಯನ್ನು ಪೂರ್ತಿಯಾಗಿ ಬೆಂಬಲಿಸುವುದಿಲ್ಲ. ಅಮೆರಿಕದ ಫ್ಲಾರಿಡಾದ ವಿಜೇತರನ್ನು ಕುರಿತು 2011ರಲ್ಲಿ ಪ್ರಕಟವಾದ ಸಂಶೋಧನೆಯಂತೆ, 50 ಸಾವಿರದಿಂದ 1.5 ಲಕ್ಷ ಡಾಲರ್‌ವರೆಗೆ ಗೆದ್ದವರಲ್ಲಿ ದಿವಾಳಿಯಾಗುವ ಪ್ರಮಾಣ ಮೊದಲ ಎರಡು ವರ್ಷ ತಗ್ಗಿ, ಮೂರರಿಂದ ಐದನೆಯ ವರ್ಷದ ಅವಧಿಯಲ್ಲಿ ಅಷ್ಟೇ ಏರಿತು. ಹಣ ದಿವಾಳಿಯನ್ನು ಮುಂದೂಡಿತು, ತಪ್ಪಿಸಲಿಲ್ಲ. ಆದರೆ ಸ್ವೀಡನ್ನಿನ ವಿಜೇತರ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಬಹುಮಾನ ಪಡೆದವರ ಬದುಕಿನ ಸಮಾಧಾನ ಹತ್ತು ವರ್ಷ ಕಳೆದರೂ ಹೆಚ್ಚಾಗಿಯೇ ಇತ್ತು. ಅಂದರೆ ಸಿರಿಯೊಂದೇ ಕೆಡಿಸುವುದಿಲ್ಲ. ಅದು ಯಾವ ವ್ಯವಸ್ಥೆಯೊಳಗೆ ಬಂದು ಬೀಳುತ್ತದೆ ಎಂಬುದು ಮುಖ್ಯ.

ಇನ್ನು ಲೆಕ್ಕದ ಮಾತು. 2024ರಲ್ಲಿ ಕೇರಳದ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಕರ್ನಾಟಕದವರೊಬ್ಬರ ಪಾಲಾಯಿತು. ಸಿನಿಮಾದಲ್ಲಾದರೆ ನಾಯಕ ಅಷ್ಟನ್ನೂ ಮನೆಗೆ ತರುತ್ತಾನೆ. ವಾಸ್ತವದಲ್ಲಿ ಏಜೆಂಟರ ಶೇ 10ರ ಕಮಿಷನ್ ಕಳೆದರೆ ಉಳಿಯುವುದು 22.5 ಕೋಟಿ, ಶೇ 30ರ ತೆರಿಗೆ ಮುರಿದರೆ 15.75 ಕೋಟಿ, ಅದರ ಮೇಲೆ ಸರ್ಚಾರ್ಜ್, ಸೆಸ್ ಬೇರೆ. ಊರವರು ಮಾತ್ರ 25 ಕೋಟಿಗೇ ಪಾಲು ಹಾಕುತ್ತಾರೆ. ಈ ಅಂತರದಲ್ಲೇ ಎಷ್ಟು ಹಾಸ್ಯವಿದೆ, ಎಷ್ಟು ವೈಮನಸ್ಯವಿದೆ ಎಂಬುದನ್ನು ನಮ್ಮ ಚಿತ್ರಕಥೆಗಾರರು ಗಮನಿಸಿದಂತಿಲ್ಲ.

ಇದೇ ಕಥೆಯನ್ನು ಬೀಳಗಿ ತಾಲ್ಲೂಕಿನ ಬಾಡಗಂಡಿಯಂಥ ಊರಿನ ಆಸುಪಾಸಿನಲ್ಲಿ ನಡೆಸುವುದಾದರೆ ಚೀಟಿಯೇ ಮೊದಲ ತೊಡಕು; ಕರ್ನಾಟಕದಲ್ಲಿ ಲಾಟರಿ 2007ರಲ್ಲಿಯೇ ನಿಷೇಧವಾಗಿದೆ. ಆದರೆ ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಈ ಸೀಮೆಯಲ್ಲಿ ಹಠಾತ್ ಹಣ ಬರಲು ಲಾಟರಿ ಬೇಕಿಲ್ಲ. ಇಲ್ಲಿ ಹಣ ಬರುವುದು ನೀರಿನ ಹಿಂದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿತು. ಅದರಿಂದ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಡೆಯಾಗುವ ಅಂದಾಜಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆ ಜಮೀನಿಗೆ ಎಕರೆಗೆ ಒಣಬೇಸಾಯವಾದರೆ 30 ಲಕ್ಷ, ನೀರಾವರಿಯಾದರೆ 40 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಮಾನಿಸಿತು. ‘ತಿಥಿ’ಯ ಐದು ಎಕರೆ ಇಲ್ಲಿ ನೀರಾವರಿ ಜಮೀನಾಗಿದ್ದರೆ ಅದರ ಬೆಲೆ ಎರಡು ಕೋಟಿ.

ಲಾಟರಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಲಾಟರಿಯಲ್ಲಿ ಕಳೆದುಕೊಳ್ಳುವುದು ಚೀಟಿಯ ಬೆಲೆ. ಇಲ್ಲಿ ಕಳೆದುಕೊಳ್ಳುವುದು ಹೊಲ, ಬಾವಿ, ಮನೆ. ಇದು ಅದೃಷ್ಟವಲ್ಲ, ನಷ್ಟಕ್ಕೆ ಕಟ್ಟಿದ ಬೆಲೆ. ಆದರೂ ಹಣ ಬರುವ ರೀತಿ ಮಾತ್ರ ಲಾಟರಿಯದೇ: ಒಮ್ಮೆಲೇ, ಒಂದೇ ಹೆಸರಿಗೆ. ಉತಾರದಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಿದೆ, ವಾರಸಾ ಆಗಿಲ್ಲ, ವಾಟ್ನಿ ಬರೀ ಬಾಯಿಮಾತಿನದು ಎಂಬಂಥ ಕುಟುಂಬಗಳ ಕಡತಗಳನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಹಂಚಿಕೆಯ ತಕರಾರು ಎದ್ದರೆ ಹಣ ಯಾರ ಕೈಗೂ ಸೇರದೆ ಠೇವಣಿಯಾಗುತ್ತದೆ. ಅಣ್ಣತಮ್ಮಂದಿರು ವಕೀಲರ ಮನೆಯ ಕಟ್ಟೆಯಲ್ಲಿ ಕೂರುತ್ತಾರೆ.

ಎಲ್ಲಕ್ಕಿಂತ ಮೌನವಾದ ದ್ರೋಹ ನಡೆಯುವುದು ಹೆಣ್ಣುಮಕ್ಕಳಿಗೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸ್ಪಷ್ಟಪಡಿಸಿತು. ಈ ಸೀಮೆಯ ಚಿತ್ರಕಥೆಯನ್ನು ಬರೆಯುವವರು ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಲಿ. ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ತಮ್ಮ ಬಂದಿದ್ದಾನೆ. ಕೈಯಲ್ಲಿ ಇಳಕಲ್ ಸೀರೆ. ಅದರ ಮಡಿಕೆಯಲ್ಲಿ ಹಕ್ಕುಬಿಡುಗಡೆ ಪತ್ರ. “ಇಲ್ಲೊಂದು ಸಹಿ ಮಾಡಬೇ ಅಕ್ಕಾ, ಬರೇ ಕಾಗದದ ಕೆಲಸ” ಎನ್ನುತ್ತಾನೆ. ಅಕ್ಕ ನಗುತ್ತ ಸಹಿ ಮಾಡುತ್ತಾಳೆ. ಪ್ರೇಕ್ಷಕನೂ ನಗಬಹುದು; ಆದರೆ ಆ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಪಿಸ್ತೂಲು ಬೇಕಿಲ್ಲ, ವಿಷ ಬೇಕಿಲ್ಲ, ಕೊನೆಯಲ್ಲಿ ಹೆಣಗಳ ಸಾಲೂ ಬೇಕಿಲ್ಲ.

ಕರಾಳ ಹಾಸ್ಯಕ್ಕೆ ನನ್ನ ಅಳತೆಗೋಲು ಇಷ್ಟೇ: ದ್ರೋಹ ಬಗೆದವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ಸಾಧ್ಯವಾಗಬೇಕು, ನೋಡುವ ನಮಗೆ ಸಾಧ್ಯವಾಗಬಾರದು. ‘ತಿಥಿ’ ಇದರಲ್ಲಿ ಗೆದ್ದಿದೆ. ಮುಳುಗಡೆ ಸೀಮೆಯ ಕಥೆಯನ್ನೂ ಹಾಗೆ ಬರೆಯಲು ಸಾಧ್ಯ. ಆದರೆ ಕಥೆಗಾರರಿಗಿಂತ ಮೊದಲು ಆ ಸೀಮೆಯ ಕುಟುಂಬಗಳು ಎಚ್ಚೆತ್ತುಕೊಳ್ಳುವುದು ಒಳಿತು. ಪರಿಹಾರದ ಹಣ ಬರುವ ಮುನ್ನವೇ ಉತಾರ ಸರಿಯಾಗಲಿ, ವಾರಸುದಾರರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಸೇರಲಿ. ಆಗ ಚಿತ್ರಕಥೆಗೊಂದು ವಸ್ತು ತಪ್ಪಿಹೋದೀತು. ಆ ನಷ್ಟವನ್ನು ಕನ್ನಡ ಚಿತ್ರರಂಗ ತಡೆದುಕೊಳ್ಳಬಲ್ಲದು.